ಟವೆಲಿನ ಕೆಳಗಿನ ಕೈ

ಗಟ್ಟಿಯಕ್ಕನ ಬಗ್ಗೆ ಕೆಟ್ಟದ್ದು ಹೇಳಬೇಕೆನ್ನುವವರು ನನ್ನ ಟೀ ಅಂಗಡಿಯಿಂದ ಹತ್ತು ಹೆಜ್ಜೆ ಆಚೆ ಹೋಗಿ ಹೇಳಲಿ. ಇಲ್ಲೇ ಕೂತು ಹೇಳಿದರೆ ಟೀ ಸಿಗುವುದಿಲ್ಲ, ಸಿಕ್ಕರೂ ತಣ್ಣಗಿರುತ್ತದೆ. ಒಂದು ಕಾಲಕ್ಕೆ ನಾನೂ ಅವಳ ಬೆನ್ನ ಹಿಂದೆ ಆಡಿಕೊಂಡವನೇ. ಅದಕ್ಕೇ ಈಗ ಇಷ್ಟು ಬಿಗಿ.

ನನ್ನ ಅಂಗಡಿ ದನದ ಸಂತೆ ಸೇರುವ ಮೈದಾನದ ಗೇಟಿಗೆ ಅಂಟಿಕೊಂಡಿದೆ. ತಗಡಿನ ಮಾಡು, ಎರಡು ಬೆಂಚು, ಒಂದು ಒಲೆ. ವಾರಕ್ಕೊಮ್ಮೆ ಮೈದಾನದ ತುಂಬ ದನ. ದಿನಾ ಬೆಳಿಗ್ಗೆ ಗೇಟಿನ ಮುಂದಿನ ಸಿಮೆಂಟು ಕಟ್ಟೆಯ ತುಂಬ ಹಾಲಿನ ಕ್ಯಾನು. ಸೈಕಲ್ಲು, ಮೊಪೆಡ್ಡುಗಳಲ್ಲಿ ಇಪ್ಪತ್ತೈದು ಜನ ಬಂದು ಸಾಲಾಗಿ ಕೂರುತ್ತಾರೆ. ಯಾವ ಡೇರಿಗೂ ಸೇರದ ಹಾಲು ಅದು. ಅದಕ್ಕೆ ಚೀಟಿ ಇಲ್ಲ, ಮೊಹರಿಲ್ಲ, ಮಾರುವವರ ಬಾಯಿಮಾತೇ ಎಲ್ಲ. ಕೊಳ್ಳುವವರ ಮುಖದಲ್ಲಿ ಅನುಮಾನ ಕಂಡರೆ ಮಾರುವವರು ಅಳತೆಯ ಲೋಟದಲ್ಲಿ ಹಸಿ ಹಾಲೆತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ನೋಡಿ, ನಾನೇ ಕುಡಿದೆ" ಅನ್ನುತ್ತಾರೆ. ಅಲ್ಲಿಗೆ ಅನುಮಾನ ಮುಗಿಯಿತು. ಗಟ್ಟಿಯಕ್ಕನೂ ಹಾಗೇ ಮಾಡುತ್ತಿದ್ದಳು. ಮೀಸೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

"ಗಟ್ಟಿ ಹಾಲು! ಗಟ್ಟಿ ಹಾಲು!" ಎಂದು ಅವಳು ಕೂಗಿದರೆ ಎರಡು ಬೀದಿ ಆಚೆ ಮಲಗಿದ್ದವರು ಎದ್ದು ಕೂರುತ್ತಿದ್ದರು. ಆ ಕೂಗಿನಿಂದಲೇ ಈ ಹೆಸರು ಬಂತು. ಅವಳ ನಿಜವಾದ ಹೆಸರನ್ನು ನಾನು ಒಂದೇ ಒಂದು ಸಲ, ಆಸ್ಪತ್ರೆಯ ಚೀಟಿಯಲ್ಲಿ, ನೋಡಿದ್ದೇನೆ. ಬಹಳ ಮೆತ್ತಗಿನ ಹೆಸರು, ಅವಳಿಗೆ ಒಪ್ಪುವುದಿಲ್ಲ.

ಮಗಳು ಕೈಗೂಸಾಗಿದ್ದಾಗಲೇ ಗಂಡ ತೀರಿಹೋದ. ಗಂಡನ ಮನೆಯವರು ಹದಿನೈದು ದಿನ ನೋಡಿ ಬಾಗಿಲು ತೋರಿಸಿದರು. ಆಗ ಕೂಸನ್ನೂ ಅವಳನ್ನೂ ಕರೆದುಕೊಂಡು ಬಂದು, ಒಂದು ಕೋಣೆ ಹಿಡಿದುಕೊಟ್ಟು, ಕೈಗೊಂದು ಹಾಲಿನ ಕ್ಯಾನು ಕೊಟ್ಟವನು ಅವಳ ಅಣ್ಣ. "ಅಳ್ತಾ ಕೂತ್ರೆ ಹೊಟ್ಟೆ ತುಂಬಲ್ಲ, ಎದ್ದು ನಡಿ" ಅಂದನಂತೆ. ಅವಳು ಎದ್ದಳು. ಇಪ್ಪತ್ತೆರಡು ವರ್ಷ ಕೂರಲಿಲ್ಲ. ಬೆಳಗಿನ ಜಾವ ಏಳು ಕೊಟ್ಟಿಗೆ ಸುತ್ತಿ ಹಾಲು ಕೂಡಿಸಿ ಕಟ್ಟೆಗೆ ತರುವುದು, ಮಾರಿ ಮನೆಗೆ ಹೋಗಿ ತನ್ನ ಎರಡು ಹಸುಗಳ ಸಗಣಿ ಬಾಚುವುದು. ಇಷ್ಟರಲ್ಲೇ ಮಗಳನ್ನು ಓದಿಸಿದಳು, ಮದುವೆ ಮಾಡಿದಳು. ಅಳಿಯ ಲಾರಿ ಡ್ರೈವರು, ತಿಂಗಳಿಗೆ ನಾಲ್ಕು ದಿನ ಮುಖ ತೋರಿಸುವವನು. ಹಾಗಾಗಿ ಮಗಳು ತಾಯಿಯ ಜೊತೆಯಲ್ಲೇ ಇದ್ದಳು.

ಅಣ್ಣ ಸಂತೆಯಲ್ಲಿ ದೊಡ್ಡ ದಲ್ಲಾಳಿ. ದನದ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಅದಕ್ಕೇ ಎಲ್ಲರಿಗೂ ಅವನು ಹಲ್ಲಣ್ಣ. ಅವನೆದುರು ಹೆಂಗಸರು ನಗುವುದಕ್ಕೂ ಹೆದರುತ್ತಾರೆ, ಎಲ್ಲಿ ವಯಸ್ಸು ಹೇಳಿಬಿಡುತ್ತಾನೋ ಅಂತ. ಕೆಟ್ಟವನಲ್ಲ. ಆದರೆ ದಲ್ಲಾಳಿ. ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲು ಎಂದು ಹೇಳಿ ನಂಬಿಸಬಲ್ಲ ನಾಲಿಗೆ.

ಅವನೇ ಒಂದು ದಿನ ತಂಗಿಗೆ ಕಪ್ಪು ಬಿಳುಪಿನ ಹಸುವೊಂದನ್ನು ತಂದುಕೊಟ್ಟ. ನಾಲ್ಕು ತಿಂಗಳ ಗಬ್ಬ. ಅಗ್ಗದ ಬೆಲೆ. ಅಣ್ಣ ತಂಗಿಗೆ ಕೊಟ್ಟದ್ದು ಅಗ್ಗವಾಗಿಯೇ ಇರುತ್ತದೆ ಎಂದು ಅವಳು ಹೆಚ್ಚು ಕೇಳಲಿಲ್ಲ. ಮೂರು ತಿಂಗಳಿಗೆ ಹಸು ಕಂದು ಹಾಕಿತು. ಎಂದರೆ ದಿನ ತುಂಬುವ ಮೊದಲೇ ಸತ್ತ ಕರುವನ್ನು ಕೆಡವಿತು. ಕರುವಿನ ಹಿಂದೆಯೇ ಬೀಳಬೇಕಾದ ಮಾಸು ಬೀಳಲಿಲ್ಲ. ಗಟ್ಟಿಯಕ್ಕ ಸೀರೆ ಮೇಲೆ ಕಟ್ಟಿ, ಬರಿಗೈಯನ್ನು ಮೊಣಕೈವರೆಗೆ ಒಳಗೆ ಹಾಕಿ ಮಾಸನ್ನು ಎಳೆದು ತೆಗೆದಳು. ಅವಳಿಗೆ ಅದೇನು ಹೊಸದಲ್ಲ, ಇಪ್ಪತ್ತೆರಡು ವರ್ಷದಲ್ಲಿ ನೂರು ಸಲ ಮಾಡಿದ್ದ ಕೆಲಸ. ಆಮೇಲೆ ಬಕೆಟ್ಟಿನ ನೀರಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡು ಒಳಗೆ ಬಂದು ಊಟಕ್ಕೆ ಕೂತಳು. ಸತ್ತ ಕರುವನ್ನು ತಿಪ್ಪೆಗೆ ಎಸೆದಳು. ನಾಯಿಗಳು ಎಳೆದಾಡಿದವು.

ಅಣ್ಣ ಬಂದು ನೋಡಿ, "ಟೆಂಪೋದಲ್ಲಿ ಬಂದ ಹಸು ಅಲ್ವಾ, ಕುಲುಕಾಟಕ್ಕೆ ಹಾಗಾಗಿದೆ" ಅಂದ. ಸಂತೆಯ ದಲ್ಲಾಳಿಗಳಿಗೆ ಕಂದು ಹಾಕಿದ ಪ್ರತಿ ಹಸುವಿಗೂ ಟೆಂಪೋದ ಕುಲುಕಾಟವೇ ಕಾರಣ. ಮೂರು ತಿಂಗಳ ಹಿಂದಿನ ಕುಲುಕಾಟ ಹಸುವಿಗೆ ಈಗ ನೆನಪಾಯಿತೇ ಎಂದು ಯಾರೂ ಕೇಳುವುದಿಲ್ಲ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಗಟ್ಟಿಯಕ್ಕನೂ ಕೇಳಲಿಲ್ಲ. ಆ ಹಸು ಆಮೇಲೆ ಕೊಟ್ಟ ಅಷ್ಟಿಷ್ಟು ಹಾಲನ್ನು ಮಾರದೆ, ಮೂರು ತಿಂಗಳ ಬಸುರಿಯಾಗಿದ್ದ ಮಗಳಿಗೆ ದಿನಾ ಕರೆದ ಬಿಸಿಯಲ್ಲೇ ಕುಡಿಸುತ್ತಿದ್ದಳು. ಬಸುರಿಗೆ ಹಸಿ ಹಾಲು ಒಳ್ಳೆಯದು ಎಂದು ಅವಳ ನಂಬಿಕೆ.

ತಿಂಗಳು ಕಳೆಯುವುದರೊಳಗೆ ಅವಳಿಗೆ ಜ್ವರ ಹಿಡಿಯಿತು. ವಿಚಿತ್ರ ಜ್ವರ. ಬೆಳಿಗ್ಗೆ ಇಲ್ಲ, ಸಂಜೆಗೆ ಹಾಜರು. ಮಲಗಿದರೆ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಸೊಂಟ ಹಿಡಿದುಕೊಂಡು ಕ್ಯಾನು ಎತ್ತಲಾಗದು. ಮೆಡಿಕಲ್ ಶಾಪಿನವನು ಒಂದು ಮಾತ್ರೆ ಕೊಟ್ಟ, ಸೂಜಿ ಚುಚ್ಚುವವನು ಇನ್ನೊಂದು ಹೇಳಿದ. ಕಟ್ಟೆಯವರು ತಲೆಗೊಂದು ಔಷಧಿ ಹೇಳಿದರು. ನಾನು ಶುಂಠಿ ಟೀ ಹೇಳಿದೆ. ಮೂರು ತಿಂಗಳಲ್ಲಿ ರವಿಕೆ ತೋಳು ಜೋತುಬಿದ್ದವು. ಕೂಗು ಮಾತ್ರ ಹಾಗೇ ಇತ್ತು. ಕೊನೆಗೆ ಮಗಳೇ ತನ್ನ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಅಮ್ಮನನ್ನೂ ಎಳೆದುಕೊಂಡು ಹೋದಳು.

ಅಲ್ಲಿದ್ದ ಲೇಡಿ ಡಾಕ್ಟರು ಯಾರೂ ಕೇಳದ ಪ್ರಶ್ನೆ ಕೇಳಿದರಂತೆ: "ಏನು ಕೆಲಸ ಮಾಡ್ತೀರಮ್ಮ?"

ಹಾಲಿನ ವ್ಯಾಪಾರ ಎಂದಳು. ದನ ಇದೆಯಾ, ಕಂದು ಹಾಕಿತ್ತಾ, ಮಾಸು ಯಾರು ತೆಗೆದರು, ಬರಿಗೈಯಲ್ಲಾ, ಹಾಲು ಕಾಯಿಸಿ ಕುಡಿಯುತ್ತೀರಾ ಎಂದು ಡಾಕ್ಟರು ಒಂದೊಂದಾಗಿ ಕೇಳುತ್ತಾ ಹೋದರು. ರಕ್ತ ತೆಗೆದು ಕಳಿಸಿದರು. ಒಂದು ವಾರಕ್ಕೆ ಉತ್ತರ ಬಂತು.

"ಬ್ರುಸೆಲ್ಲೋಸಿಸ್ ಅಂತಾರೆ ಈ ರೋಗಕ್ಕೆ."

"ಹೆಸರು ಇರಲಿ ಡಾಕ್ಟ್ರೇ, ಎಲ್ಲಿಂದ ಬಂತು ಹೇಳಿ."

"ನಿಮ್ಮ ಹಸುವಿಂದ. ಅದು ಹಸುವಿಗೆ ಬಂದ್ರೆ ಕಂದು ಹಾಕುತ್ತೆ. ಮನುಷ್ಯರಿಗೆ ಬಂದ್ರೆ ಹೀಗೆ ಜ್ವರ. ಮಾಸು ಮುಟ್ಟಿದ ಕೈಯಿಂದ ಬರುತ್ತೆ, ಹಸಿ ಹಾಲಿಂದ ಬರುತ್ತೆ."

ಗಟ್ಟಿಯಕ್ಕನಿಗೆ ರೇಗಿತು. "ಇಪ್ಪತ್ತೆರಡು ವರ್ಷ ಹಸಿ ಹಾಲು ಕುಡಿದಿದೀನಿ. ಏನೂ ಆಗಿಲ್ಲ. ನನ್ನ ಹಾಲಿಗೆ ಹೆಸರಿಡ್ತೀರಾ?"

"ಇಪ್ಪತ್ತೆರಡು ವರ್ಷ ರಸ್ತೆ ದಾಟಿದೀರಿ, ಏನೂ ಆಗಿಲ್ಲ. ಹಾಗಂತ ಲಾರಿ ಗುದ್ದಲ್ವಾ?" ಅಂದರಂತೆ ಆ ಡಾಕ್ಟರು. ನನಗೆ ಆಕೆಯ ಮೇಲೆ ಗೌರವ ಬಂದದ್ದೇ ಈ ಮಾತು ಕೇಳಿ. ಗಟ್ಟಿಯಕ್ಕನಿಗೆ ಎದುರುತ್ತರ ಕೊಟ್ಟು ದಕ್ಕಿಸಿಕೊಂಡವರು ಕಡಿಮೆ. ಆರು ವಾರ ನುಂಗುವ ಮಾತ್ರೆಯನ್ನೂ ಬರೆದು ಕೈಗಿಟ್ಟರು.

ಆಗ ಪಕ್ಕದಲ್ಲಿ ಹೊಟ್ಟೆ ಹಿಡಿದು ಕೂತಿದ್ದ ಮಗಳ ಕಡೆ ಅವಳ ಕಣ್ಣು ಹೋಯಿತು. ದಿನಾ ಬೆಳಿಗ್ಗೆ ತನ್ನ ಕೈಯಾರೆ ಕುಡಿಸಿದ ಹಾಲು. "ಇವಳ್ದೂ ನೋಡಿ ಡಾಕ್ಟ್ರೇ" ಅಂದವಳ ದನಿ ಆ ಕೋಣೆಯ ಬಾಗಿಲವರೆಗೂ ತಲುಪಲಿಲ್ಲವಂತೆ. ಮಗಳ ರಕ್ತದ ಉತ್ತರ ಬರುವವರೆಗಿನ ಆರು ದಿನ ಅವಳು ಕಟ್ಟೆಗೆ ಬರಲಿಲ್ಲ. ಏಳನೆಯ ದಿನ ಮಗಳಿಗೆ ಏನೂ ಇಲ್ಲ ಎಂದು ಗೊತ್ತಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು ಎಂದು ಮಗಳು ಹೇಳಿದಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ.

ಮರುದಿನ ಕಟ್ಟೆಗೆ ಬಂದಳು. ಕ್ಯಾನು ಇಳಿಸಿದಳು. ಕಟ್ಟೆಯ ಮೇಲೆ ಹತ್ತಿ ನಿಂತಳು. "ಹಾಲು ಕಾಯಿಸಿ ಕುಡೀರಿ! ಉಕ್ಕೋವರೆಗೂ ಕಾಯಿಸಿ!" ಎಂದು ಕೂಗಿದಳು. ಯಾರೋ ಹಸಿ ಹಾಲು ಕುಡಿದು ತೋರಿಸು ಅಂದಾಗ, "ಕುಡಿಯಲ್ಲ. ಇನ್ನು ಮೇಲೆ ನಾನು ಕುಡಿಯಲ್ಲ, ನೀವೂ ಕುಡೀಬೇಡಿ. ನಂಬಿಕೆ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ" ಅಂದಳು. ತನಗೇನಾಗಿದೆ, ಎಲ್ಲಿಂದ ಬಂತು, ಎಲ್ಲವನ್ನೂ ಬಿಚ್ಚಿ ಹೇಳಿದಳು. ಮಾಸು ತೆಗೆಯುವಾಗ ಕೈಗೆ ಗ್ಲೌಸ್ ಹಾಕಿ ಎಂದಳು. ಸತ್ತ ಕರುವನ್ನು ಸುಣ್ಣ ಹಾಕಿ ಹೂತುಬಿಡಿ ಎಂದಳು.

ಕಟ್ಟೆಯವರಿಗೆ ಸಿಡಿಲು ಬಡಿದಂತಾಯಿತು. ಒಬ್ಬ, "ನಮ್ಮ ಹೊಟ್ಟೆ ಮೇಲೆ ಯಾಕಕ್ಕ ಹೊಡೀತೀಯಾ?" ಅಂದ. ಇನ್ನೊಬ್ಬ, "ನಿಂಗೆ ಬಂದ್ರೆ ಊರಿಗೆಲ್ಲ ಬಂತಾ?" ಅಂದ. ಅಲ್ಲಿ ಕೂತಿದ್ದವರಲ್ಲಿ ನಾಲ್ಕು ಜನ ಸೊಂಟ ನೋವೆಂದು ವರ್ಷದಿಂದ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಅವರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನನ್ನ ಹೇಡಿತನವನ್ನೂ ಹೇಳಿಬಿಡುತ್ತೇನೆ. ಅವಳ ಹಾಲನ್ನು ಕೊಳ್ಳುವುದನ್ನು ನಾನು ಅವತ್ತೇ ನಿಲ್ಲಿಸಿದೆ. ಗಿರಾಕಿಗಳ ಮುಂದೆ "ಅವಳ ಮೈಯಲ್ಲೇ ರೋಗ ಇದೆಯಂತೆ" ಅಂತಲೂ ಅಂದೆ. ಒಂದು ವಾರಕ್ಕೆ ಅವಳು ನೇರ ಅಂಗಡಿಗೆ ಬಂದು ಒಲೆಯ ಮುಂದೆ ಬಗ್ಗಿ ನೋಡಿದಳು.

"ಏನಕ್ಕ ನೋಡ್ತಿದೀಯಾ?"

"ನಿನ್ನ ಒಲೆ ಆರಿಹೋಗಿದೆಯೇನೋ ಅಂತ ನೋಡ್ತಿದೀನಿ ತಮ್ಮ. ಬೆಳಿಗ್ಗೆಯಿಂದ ಸಂಜೆವರೆಗೆ ಹಾಲು ಕುದಿಸೋದೇ ನಿನ್ನ ಕೆಲಸ. ಇಡೀ ಊರಲ್ಲಿ ಭಯ ಪಡಬೇಕಾಗಿಲ್ಲದ ಒಬ್ಬನೇ ಒಬ್ಬ ಗಂಡಸು ನೀನು. ನೀನೇ ಓಡಿಹೋದ್ಯಲ್ಲೋ!"

ಬೆಂಚಿನ ಮೇಲೆ ಕೂತಿದ್ದ ಐದೂ ಜನ ನಕ್ಕರು. ನನ್ನ ಹೆಂಡತಿ ಒಳಗಿಂದ, "ಸರಿಯಾಗಿ ಹೇಳಿದೆ ಅಕ್ಕ, ಇನ್ನೂ ಎರಡು ಹಾಕು" ಅಂದಳು. ಮಾರನೆಯ ದಿನದಿಂದ ಅವಳ ಹಾಲನ್ನೇ ತರಿಸಿಕೊಂಡೆ. ನನ್ನನ್ನು ನೋಡಿ ಇನ್ನಿಬ್ಬರು ಹೋಟೆಲಿನವರು ಬಂದರು. ಮನೆಗಳವರು ಮಾತ್ರ ಬರಲಿಲ್ಲ. ಅರ್ಧ ಕ್ಯಾನು ದಿನಾ ವಾಪಸ್ಸು ಹೋಗುತ್ತಿತ್ತು. ಹಾಗಿದ್ದರೂ ಅವಳು ಕೂಗು ಬದಲಿಸಲಿಲ್ಲ.

ಈಗ ಉಳಿದದ್ದು ಆ ಹಸು. ಮಾರಿದರೆ ಮಗಳ ಹೆರಿಗೆಯ ಖರ್ಚು ಕಳೆದು ಇನ್ನೊಂದು ಹಸು ಕಟ್ಟಬಹುದು, ಮಾರದಿದ್ದರೆ ಕಟ್ಟಿದಲ್ಲೇ ಕಟ್ಟಿ ಮೇವು ಹಾಕಬೇಕು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅಣ್ಣನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಒಂದು ಬೆಳಿಗ್ಗೆ ನನ್ನ ಬೆಂಚಿನ ಮೇಲೆ ಅವಳ ಪಕ್ಕ ಬಂದು ಕೂತ.

"ತಂಗಿ, ಹಸು ನಂಗೆ ಬಿಡು. ಸಂತೆಗೆ ದೂರದೂರಿನ ಒಬ್ಬರು ಬರ್ತಾರೆ, ಅವರಿಗೆ ದಾಟಿಸ್ತೀನಿ. ಮೂರು ಊರು ದಾಟಿದ್ರೆ ಹಸು ಹೊಸದೇ."

"ಅಣ್ಣ, ಅದು ಮುಂಚೇನೂ ಕಂದು ಹಾಕಿತ್ತಾ? ನಿಜ ಹೇಳು."

ಹಲ್ಲಣ್ಣ ಟೀ ಲೋಟ ನೋಡಿದ. "ಒಂದು ಸಲ ಹಾಕಿತ್ತಂತೆ. ಟೆಂಪೋ ಕುಲುಕಾಟ ಅಂದ್ರು..."

"ನಿಂಗೆ ಗೊತ್ತಿದ್ದೂ ನನ್ನ ಕೊಟ್ಟಿಗೆಗೆ ಕಟ್ಟಿದ್ಯಾ?"

"ರೋಗ ಅಂತ ನಂಗೇನು ಗೊತ್ತಿತ್ತು? ಎಲ್ಲಾರೂ ಮಾರ್ತಾರೆ. ನಾನೇ ಕಂಡುಹಿಡಿದ ಮೋಸಾನಾ ಇದು?"

"ಈಗ ಗೊತ್ತಾಯ್ತಲ್ಲ. ಈಗ್ಲೂ ಮಾರ್ತೀನಿ ಅಂತೀಯಲ್ಲ. ಕೊಳ್ಳೋರ ಮನೇಲೂ ಒಬ್ಬಳು ಬಸುರಿ ಇರಬಹುದು. ಅವಳಿಗೂ ಯಾರೋ ತಾಯಿ ಬಿಸಿಬಿಸಿ ಹಾಲು ಕೊಡಬಹುದು. ನಾನು ಕೊಡಲ್ಲ ಹಸು."

"ಊರಿಗೆಲ್ಲ ನೀನೇ ತಾಯಿನಾ? ಮೊದಲ ಕ್ಯಾನು ತಂದು ಕೈಗೆ ಕೊಟ್ಟೋನು ನಾನು ಕಣೇ."

"ಅದಕ್ಕೇ ನಿನ್ನ ಮುಖ ನೋಡಿ ಹೇಳ್ತಿದೀನಿ. ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಹೊತ್ತಿಗೆ ಈ ಬಿಸಿ ಟೀ ಮುಖಕ್ಕೆ ಹೋಗ್ತಿತ್ತು."

ಹಲ್ಲಣ್ಣ ಬೆಂಚಿಗೆ ಕೈ ಊರಿ ಮೆಲ್ಲಗೆ ಎದ್ದು ಹೋದ. ನಾನು ಅವನ ಲೋಟ ತೊಳೆದಿಟ್ಟೆ.

ಸಂತೆಯ ದಿನ ಬಂತು. ಮೋಡ ಮುಚ್ಚಿದ ಬೆಳಗು, ತಣ್ಣನೆ ಗಾಳಿ. ಗಟ್ಟಿಯಕ್ಕ ಕೊಟ್ಟಿಗೆಗಳ ಸುತ್ತಿಗೆ ಹೋಗಿದ್ದಾಗ ಹಲ್ಲಣ್ಣ ಅವಳ ಮನೆಗೆ ಹೋಗಿ, "ಅಮ್ಮ ಒಪ್ಪಿದಾಳೆ" ಎಂದು ತಂಗಿಯ ಮಗಳಿಗೆ ಹೇಳಿ ಹಸು ಬಿಚ್ಚಿಕೊಂಡು ಬಂದಿದ್ದ. ಸೋದರಮಾವನ ಮಾತನ್ನು ಅವಳು ಯಾಕೆ ಅನುಮಾನಿಸುತ್ತಾಳೆ? ಆಮೇಲೆ ಅಮ್ಮನಿಗೆ ಫೋನು ಮಾಡಿದಾಗಲೇ ವಿಷಯ ಗೊತ್ತಾದದ್ದು.

ಗಟ್ಟಿಯಕ್ಕ ಮೊಪೆಡ್ಡನ್ನು ನನ್ನ ಅಂಗಡಿಗೇ ಗುದ್ದಿ ನಿಲ್ಲಿಸಿದಳು. ಕ್ಯಾನು ಹಾಗೇ ಬಿಟ್ಟು ಗೇಟಿನೊಳಗೆ ನುಗ್ಗಿದಳು. ಒಲೆಯ ಮೇಲೆ ಹಾಲು ಇಟ್ಟಿದ್ದೆ. ಹೆಂಡತಿಗೆ ನೋಡಿಕೋ ಎಂದು ನಾನೂ ಹಿಂದೆ ಓಡಿದೆ.

ಸಂತೆಯಲ್ಲಿ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿದು, ಮೇಲೊಂದು ಟವೆಲು ಹೊದಿಸಿ, ಒಳಗೆ ಬೆರಳು ಒತ್ತಿ ಬೆಲೆ ಮಾತಾಡುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಲ್ಲಿ ಮಳೆ ಬೆಳೆಯ ಮಾತು, ಟವೆಲಿನ ಕೆಳಗೆ ನಿಜವಾದ ಮಾತು. ನಾವು ಹೋಗುವ ಹೊತ್ತಿಗೆ ಹಲ್ಲಣ್ಣನ ಕೈ ಟವೆಲಿನ ಕೆಳಗಿತ್ತು. ಎದುರಿಗೆ ನರೆತ ಗಡ್ಡದ ಹಿರಿಯರೊಬ್ಬರು, ಎಡಗೈಯಲ್ಲಿ ಆಗಲೇ ಹಸುವಿನ ಹಗ್ಗ. ಹಸು ಪಾಪ, ತನಗೆ ಸಂಬಂಧವೇ ಇಲ್ಲದಂತೆ ಮೆಲುಕು ಹಾಕುತ್ತಿತ್ತು.

ಗಟ್ಟಿಯಕ್ಕ ಆ ಹಿರಿಯರ ಕೈಯನ್ನು ಟವೆಲಿನಿಂದ ಹೊರಕ್ಕೆ ಎಳೆದು, ಅಲ್ಲಿಗೆ ತನ್ನ ಕೈ ತೂರಿಸಿದಳು. ಹೆಂಗಸೊಬ್ಬಳು ಟವೆಲಿನ ಕೆಳಗೆ ಕೈ ಹಾಕಿದ್ದನ್ನು ಆ ಸಂತೆ ಅಲ್ಲಿಯವರೆಗೆ ನೋಡಿರಲಿಲ್ಲ. ಸುತ್ತಲಿದ್ದವರು ಹೋ ಎಂದು ನಕ್ಕರು. "ಏನಕ್ಕ, ನಿನ್ನ ಹಸುನ ನೀನೇ ಕೊಳ್ತೀಯಾ?" ಎಂದ ಒಬ್ಬ.

ಅವಳು ಕೂಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಇಷ್ಟು ವರ್ಷದಲ್ಲಿ ಆ ಬಾಯಿ ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಣ್ಣನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಅಣ್ಣ, ಎಷ್ಟು ದಿನ ಆಯ್ತು?"

"ಏನು ಎಷ್ಟು ದಿನ?"

"ಕೈ ಕಾದ ಕಾವಲಿ ಆಗಿದೆ. ಬೆವರು ಬೇರೆ."

"ಬಿಸಿಲು."

"ಎಲ್ಲಿದೆಯೋ ಬಿಸಿಲು? ಮೋಡ ಮುಚ್ಚಿದೆ. ಈ ಕೈ ನಂಗೆ ಗೊತ್ತು ಅಣ್ಣ. ನಾಲ್ಕು ತಿಂಗಳು ನನ್ನ ಕೈನೂ ಹೀಗೇ ಇತ್ತು."

ಹಲ್ಲಣ್ಣ ಆಚೆ ಈಚೆ ನೋಡಿದ. ಅವನ ತುಟಿ ಒಣಗಿತ್ತು. "ಎರಡು ತಿಂಗಳು ಇರಬಹುದು" ಅಂದ. "ಸಂಜೆ ಆದ್ರೆ ಬರುತ್ತೆ. ಕೂತ್ರೆ ಏಳಕ್ಕಾಗಲ್ಲ. ಯಾರಿಗೂ ಹೇಳಬೇಡ್ವೇ. ದಲ್ಲಾಳಿಗೇ ರೋಗ ಅಂದ್ರೆ ಇನ್ನು ನನ್ನ ಕೈಯಿಂದ ಯಾರು ದನ ಕೊಳ್ತಾರೆ? ಇದೊಂದು ವ್ಯಾಪಾರ ಮುಗೀಲಿ, ಆಸ್ಪತ್ರೆಗೆ ಹೋಗ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ."

ಇಪ್ಪತ್ತೆರಡು ವರ್ಷ ತಂಗಿಯನ್ನು ಕಾಪಾಡಿದವನು ಹೀಗಂದ. ಅವಳು ಕರಗುತ್ತಾಳೆ, ಈ ಒಂದು ಸಲ ಸುಮ್ಮನಿದ್ದುಬಿಡುತ್ತಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಸುಮ್ಮನಿರಲಿ ಎಂದು ಆಸೆಪಟ್ಟೆ.

ಅವಳು ಹಿರಿಯರ ಕಡೆ ತಿರುಗಿದಳು. ಈಗ ಅದೇ ಹಳೆಯ ದನಿ, ಎರಡು ಬೀದಿ ಆಚೆಗೂ ಕೇಳುವ ದನಿ.

"ಯಜಮಾನ್ರೇ, ಹಗ್ಗ ಬಿಡಿ! ಈ ಹಸು ಎರಡು ಸಲ ಕಂದು ಹಾಕಿದೆ. ಟೆಂಪೋ ಕುಲುಕಾಟ ಅಲ್ಲ, ರೋಗ. ನಂಗೆ ಬಂದಿದೆ, ಇಗೋ ನಮ್ಮಣ್ಣನಿಗೂ ಬಂದಿದೆ. ನಿಮ್ಮ ಮನೆಗೆ ತಗೊಂಡು ಹೋಗಬೇಡಿ. ಕೇಳಿಸ್ಕೊಳ್ರೋ ಎಲ್ಲಾ! ಕಂದು ಹಾಕಿದ ಹಸು ಸಂತೆಗೆ ತರಬೇಡಿ. ಸಂಜೆ ಸಂಜೆ ಜ್ವರ ಬರೋರು, ಸೊಂಟ ಹಿಡ್ಕೊಂಡು ಓಡಾಡೋರು ಇಲ್ಲಿ ಇನ್ನೂ ಎಷ್ಟು ಜನ ಇದೀರಿ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದಂಗೆ ಎಷ್ಟು ದಿನ ಇರ್ತೀರಿ? ನಮಗೆ ಬಂದ ರೋಗ ನಾವು ಹೇಳದೆ ಇನ್ಯಾರು ಹೇಳ್ತಾರೆ?"

ನಗುತ್ತಿದ್ದವರ ನಗು ನಿಂತಿತು. ಹಿರಿಯರು ಕೆಂಡ ಮುಟ್ಟಿದವರ ಹಾಗೆ ಹಗ್ಗ ಬಿಟ್ಟರು. ಅವಳು ಅದನ್ನು ಎಡಗೈಯಲ್ಲಿ ಹಿಡಿದು ನನ್ನತ್ತ ಎಸೆದಳು. "ತಮ್ಮ, ಹಸು ಹಿಡ್ಕೊಂಡಿರು. ಯಾರು ಕೇಳಿದ್ರೂ ಕೊಡಬೇಡ. ಆಮೇಲೆ ಸೋಪು ಹಾಕಿ ಕೈ ತೊಳ್ಕೋ." ಸಂತೆಯ ನಡುವೆ ಹಗ್ಗ ಹಿಡಿದುಕೊಂಡು ನಾನು ನಿಂತೆ, ಜೀವಮಾನದಲ್ಲಿ ಒಂದು ಮೇಕೆಯನ್ನೂ ಸಾಕದವನು.

"ಮುಗಿಸಿದೆ ನನ್ನ" ಅಂದ ಹಲ್ಲಣ್ಣ. "ಮೂವತ್ತು ವರ್ಷದ ಹೆಸರು. ಒಂದೇ ಕೂಗಿಗೆ ಹೋಯ್ತು."

"ಹೆಸರು ಹೋದ್ರೆ ಇನ್ನೊಂದು ಇಡ್ತಾರೆ, ಈ ಸಂತೇಲಿ ಹೆಸರಿಡೋರಿಗೇನು ಬರವಾ? ಅಣ್ಣ ಹೋದ್ರೆ ನಾನು ಎಲ್ಲಿಂದ ತರ್ಲಿ?"

ಅವನು ಕೈ ಕಿತ್ತುಕೊಳ್ಳಲು ನೋಡಿದ. ಆಗಲಿಲ್ಲ. ಮಾತ್ರೆ ನುಂಗಿ ಮತ್ತೆ ದಿನಾ ನಲವತ್ತು ಲೀಟರಿನ ಕ್ಯಾನು ಎತ್ತುತ್ತಿದ್ದ ಕೈ ಅದು. ಹಾಗೇ ಎಳೆದುಕೊಂಡು ಹೊರಟಳು, ಆಸ್ಪತ್ರೆಯ ದಾರಿ ಹಿಡಿದು. ಎರಡು ಹೆಜ್ಜೆಗೆ ಟವೆಲು ಜಾರಿ ಕೆಸರಿಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಜನ ದಾರಿ ಬಿಟ್ಟರು. ಮೊನ್ನೆ ಮೊನ್ನೆಯವರೆಗೂ ಇಡೀ ಸಂತೆಯನ್ನು ನಡೆಸಿದ ಮನುಷ್ಯ, ಸೊಂಟ ಬಗ್ಗಿಸಿಕೊಂಡು ತಂಗಿಯ ಹಿಂದೆ ಕಾಲೆಳೆಯುತ್ತಾ ಹೋಗುತ್ತಿದ್ದ.

"ಕೈ ಬಿಡೇ" ಅಂದ ಅವನು. "ಜನ ನೋಡ್ತಿದಾರೆ."

"ನೋಡ್ಲಿ" ಅಂದಳು.